ಔಷಧಿಯ ಚೀಲ ಮತ್ತು ಅರ್ಧ ಗಂಟೆಯ ಬೆಲೆ

ವೈದ್ಯರು ಚೀಟಿ ಬರೆಯುತ್ತಾರೆ, ಮೆಡಿಕಲ್ ಶಾಪಿನವರು ಗುಳಿಗೆಗಳನ್ನು ಎಣಿಸಿ ಕೊಡುತ್ತಾರೆ. ಫಾರ್ಮಸಿಸ್ಟ್ ಎಂದೊಡನೆ ಅಂಗಡಿಯ ಮೇಜಿನಾಚೆ ನಿಂತವರೇ ನಮ್ಮ ಕಣ್ಣಮುಂದೆ ಬರುತ್ತಾರೆ. ಔಷಧಗಳ ಗುಣದೋಷಗಳನ್ನು ವರ್ಷಗಟ್ಟಲೆ ಅಭ್ಯಸಿಸಿದ ಅವರ ಜ್ಞಾನ ಅಲ್ಲಿ ಬಹುಮಟ್ಟಿಗೆ ಬಳಕೆಯಾಗದೆ ಉಳಿಯುತ್ತದೆ. ಇಂಗ್ಲೆಂಡಿನಲ್ಲಿ ಈ ಜ್ಞಾನವನ್ನು ಕುಟುಂಬ ವೈದ್ಯರ ಪಕ್ಕದ ಕೋಣೆಗೆ ಕರೆತರುವ ಪ್ರಯತ್ನ ನಡೆದಿದೆ. ಅದರ ಖರ್ಚುವೆಚ್ಚದ ಕಥೆ ನಮಗೂ ಚಿಂತನೆಗೆ ಯೋಗ್ಯವಾದುದು.

ಕೆಲವು ವರ್ಷಗಳ ಹಿಂದೆ ಆ ದೇಶದಲ್ಲಿ ಕೆಲವು ವಾರ ಇದ್ದಾಗ, ಅಲ್ಲಿ ನೆಲೆಸಿರುವ ಮಂಗಳೂರು ಕಡೆಯ ಕುಟುಂಬವೊಂದರ ಪರಿಚಯವಾಯಿತು. ಮನೆಯ ಹಿರಿಯ ತಾಯಿಗೆ ರಕ್ತದೊತ್ತಡ. ಊರಿನಿಂದ ತಂದ ಗುಳಿಗೆ ಒಂದು, ಅಲ್ಲಿನ ವೈದ್ಯರು ಕೊಟ್ಟದ್ದು ಮತ್ತೊಂದು. ಹೆಸರು ಬೇರೆ, ಒಳಗಿನ ಔಷಧ ಒಂದೇ. ಪ್ರಮಾಣ ಹೆಚ್ಚಾಗಿ ಅವರ ಕಾಲುಗಳು ಊದಿಕೊಂಡವು. ಊತಕ್ಕೆಂದು ಮೂತ್ರ ಹೆಚ್ಚಿಸುವ ಗುಳಿಗೆ ಬಂತು. ಅದರಿಂದ ತಲೆಸುತ್ತು ಆರಂಭವಾಯಿತು. ಚಿಕಿತ್ಸಾಲಯದ ಫಾರ್ಮಸಿಸ್ಟ್ ಒಬ್ಬರು, "ಮನೆಯಲ್ಲಿರುವ ಔಷಧಗಳನ್ನೆಲ್ಲ ಒಂದು ಚೀಲದಲ್ಲಿ ತನ್ನಿ" ಎಂದು ಕರೆದು, ಅರ್ಧ ಗಂಟೆ ಕುಳಿತು ಒಂದೊಂದನ್ನೇ ಕೈಗೆತ್ತಿಕೊಂಡು ಕೇಳಿದರು. ವೈದ್ಯರೊಡನೆ ಸಮಾಲೋಚಿಸಿ ಎರಡು ಗುಳಿಗೆಗಳನ್ನು ನಿಲ್ಲಿಸಿದರು. ತಲೆಸುತ್ತು ನಿಂತಿತು.

ಈ ಅರ್ಧ ಗಂಟೆಯ ಸಂಬಳವನ್ನು ಯಾರು ಕೊಡಬೇಕು? ತೊಡಕಿರುವುದು ಇಲ್ಲಿಯೇ. ಇಂಗ್ಲೆಂಡಿನ ಕುಟುಂಬ ವೈದ್ಯರಲ್ಲಿ ಅನೇಕರು ರಾಷ್ಟ್ರೀಯ ಆರೋಗ್ಯ ಸೇವೆಯೊಡನೆ ಒಪ್ಪಂದ ಮಾಡಿಕೊಂಡು, ಪಾಲುದಾರರಾಗಿ ಚಿಕಿತ್ಸಾಲಯ ನಡೆಸುತ್ತಾರೆ. ಸಿಬ್ಬಂದಿಯ ಸಂಬಳ ಹೋಗಿ ಉಳಿದದ್ದೇ ಅವರ ಆದಾಯ. ಫಾರ್ಮಸಿಸ್ಟರಿಂದ ಔಷಧಿಯ ಖರ್ಚು ತಗ್ಗಿದರೆ ಉಳಿತಾಯ ಸರಕಾರದ ಖಾತೆಗೆ ಸೇರುತ್ತದೆ. ವೃದ್ಧರೊಬ್ಬರು ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವುದು ತಪ್ಪಿದರೆ ಆಸ್ಪತ್ರೆಯ ಭಾರ ಇಳಿಯುತ್ತದೆ. ಹಣ ಹೋಗುವುದು ಒಬ್ಬರ ಜೇಬಿನಿಂದ, ಲಾಭ ಸೇರುವುದು ಇನ್ನೊಬ್ಬರಿಗೆ.

ಲಾಭವೇನೋ ನಿಜವಾದುದೇ. 2012ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ 'ಪಿನ್ಸರ್' ಅಧ್ಯಯನ 72 ಚಿಕಿತ್ಸಾಲಯಗಳಲ್ಲಿ ನಡೆದಿತ್ತು. ಕೆಲವಕ್ಕೆ ಅಪಾಯಕಾರಿ ಚೀಟಿಗಳ ಗಣಕಯಂತ್ರದ ಪಟ್ಟಿಯನ್ನಷ್ಟೇ ಕೊಡಲಾಯಿತು. ಉಳಿದವಕ್ಕೆ ಪಟ್ಟಿಯೊಡನೆ ಫಾರ್ಮಸಿಸ್ಟರನ್ನೂ ಕಳುಹಿಸಲಾಯಿತು. ಹೊಟ್ಟೆಹುಣ್ಣಿನವರಿಗೆ ರಕ್ಷಣೆಯಿಲ್ಲದೆ ನೋವಿನ ಗುಳಿಗೆ ಕೊಡುವಂತಹ ತಪ್ಪುಗಳು, ಆರು ತಿಂಗಳ ಬಳಿಕ, ಫಾರ್ಮಸಿಸ್ಟರು ಹೋದಲ್ಲಿ ಗಣನೀಯವಾಗಿ ಕಡಿಮೆಯಾಗಿದ್ದವು. ತಪ್ಪೊಂದನ್ನು ನಿವಾರಿಸಲು 75 ಪೌಂಡು ಕೊಡಲು ಸಿದ್ಧರಿದ್ದರೆ, ಈ ವೆಚ್ಚ ಸಾರ್ಥಕವಾಗುವ ಸಂಭವ ಶೇ. 95 ಎಂದು ಸಂಶೋಧಕರು ಲೆಕ್ಕ ಹಾಕಿದರು.

ಆದುದರಿಂದ ಸರಕಾರವೇ ಮುಂದೆ ಬಂತು. 2015ರಲ್ಲಿ ಘೋಷಿಸಿದ ಪ್ರಾಯೋಗಿಕ ಯೋಜನೆಯಲ್ಲಿ ಸಂಬಳದ ಶೇ. 60ನ್ನು ಮೊದಲ ವರ್ಷ, ಶೇ. 40ನ್ನು ಎರಡನೆಯ ವರ್ಷ, ಶೇ. 20ನ್ನು ಮೂರನೆಯ ವರ್ಷ ಕೊಡುವುದೆಂದಾಯಿತು. 2019ರಲ್ಲಿ ಚಿಕಿತ್ಸಾಲಯಗಳ ಗುಂಪುಗಳಿಗೆ ಶೇ. 70ರಷ್ಟು ನೆರವು ದೊರೆಯಿತು. 2020ರಿಂದ ನಿಗದಿತ ಮಿತಿಯವರೆಗೆ ಪೂರ್ಣ ಸಂಬಳವೇ ಸಿಕ್ಕಿತು.

ಹೀಗೆ ಒಂದು ಗಂಟು ಬಿಚ್ಚಿದಾಗ ಇನ್ನೊಂದು ಬಿಗಿಯಿತು. ಆ ಹಣದಲ್ಲಿ ಫಾರ್ಮಸಿಸ್ಟರನ್ನು ನೇಮಿಸಬಹುದಿತ್ತು, ವೈದ್ಯರನ್ನು ನೇಮಿಸುವಂತಿರಲಿಲ್ಲ. ರೋಗಿಗಳು ವೈದ್ಯರ ಭೇಟಿಗಾಗಿ ಕಾಯುತ್ತಿದ್ದರೆ, ಹೊಸದಾಗಿ ತರಬೇತಿ ಮುಗಿಸಿದ ಕೆಲವು ವೈದ್ಯರು ಕೆಲಸ ಸಿಗದೆ ಅಲೆದರು. 2024ರ ಅಕ್ಟೋಬರಿನಲ್ಲಿ ಅವರನ್ನೂ ಯೋಜನೆಗೆ ಸೇರಿಸಬೇಕಾಯಿತು. ತಮ್ಮ ಅನುಭವಿ ಫಾರ್ಮಸಿಸ್ಟರು ಚಿಕಿತ್ಸಾಲಯಗಳಿಗೆ ಹೊರಟುಹೋಗುತ್ತಿದ್ದಾರೆಂದು ಔಷಧಿ ಅಂಗಡಿಗಳವರೂ ದೂರಿದರು. ಒಳ್ಳೆಯ ಕೆಲಸಕ್ಕೆ ಹಣ ಒದಗಿಸಿದರಷ್ಟೇ ಸಾಲದು. ಅದರಿಂದ ಯಾವ ಕೆಲಸ ಬರಿದಾಗುತ್ತದೆ ಎಂಬುದನ್ನೂ ನೋಡಬೇಕು.

ಇಷ್ಟಾದರೂ ಆ ಹುದ್ದೆಯನ್ನು ಅಧಿಕ ವೆಚ್ಚವೆಂದು ತಳ್ಳಿಹಾಕಲು ನನಗೆ ಮನಸ್ಸಾಗದು. ಬೀಳದೆ ಉಳಿದ ತಾಯಿಯ ಹೆಸರು ಯಾವ ಆಸ್ಪತ್ರೆಯ ದಾಖಲೆಯಲ್ಲೂ ಇರುವುದಿಲ್ಲ. ಆಗಿಹೋದ ಖರ್ಚಿಗೆ ರಶೀದಿಯಿದೆ. ಆಗದೆ ಉಳಿದ ಅನಾಹುತಕ್ಕೆ ರಶೀದಿಯಿಲ್ಲ. ಚಿಕಿತ್ಸಾಲಯದ ಲೆಕ್ಕವನ್ನಷ್ಟೇ ನೋಡಿದರೆ ನಷ್ಟವಾಗಿ ಕಾಣುವುದು, ಇಡೀ ಸಮಾಜದ ಲೆಕ್ಕದಲ್ಲಿ ಲಾಭವಾಗಬಹುದು.

ನಮ್ಮ ದೇಶದಲ್ಲಿಯೂ ರೋಗಿಯ ಪಕ್ಕದಲ್ಲಿ ನಿಂತು ಕೆಲಸ ಮಾಡುವ ಫಾರ್ಮಸಿಸ್ಟರನ್ನು ಸಿದ್ಧಗೊಳಿಸಲು ಆರು ವರ್ಷಗಳ 'ಫಾರ್ಮ್ ಡಿ' ಪದವಿ 2008ರಲ್ಲಿ ಆರಂಭವಾಯಿತು. ಇಂತಹವರಿಗೆ ಚಿಕ್ಕ ಚಿಕಿತ್ಸಾಲಯಗಳಲ್ಲಿ ಸ್ಥಾನ ದೊರೆಯಬೇಕಾದರೆ ನಾವೂ ಇದೇ ಪ್ರಶ್ನೆಗೆ ಉತ್ತರ ಹುಡುಕಬೇಕಾಗುತ್ತದೆ.

ಅಲ್ಲಿಯವರೆಗೆ ಪ್ರತಿಯೊಂದು ಕುಟುಂಬವೂ ಮಾಡಬಹುದಾದ ಕೆಲಸವೊಂದಿದೆ. ಮನೆಯ ಹಿರಿಯರು ಸೇವಿಸುವ ಗುಳಿಗೆ, ಕಷಾಯ, ಪುಡಿಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ, ಮುಂದಿನ ಭೇಟಿಗೆ ವೈದ್ಯರ ಬಳಿ ಕೊಂಡೊಯ್ಯಿರಿ. ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ. "ಇದರಲ್ಲಿ ಇನ್ನು ಬೇಡವಾದದ್ದು ಏನಾದರೂ ಇದೆಯೇ?" ಎಂದು ಕೇಳಿರಿ.