ಗಾಡಿಯ ನಂಬರೂ ಮನೆಯ ವಿಳಾಸವೂ

ಪುಣೆಗೆ ಬಂದು ನೆಲೆಸಿದ ಕನ್ನಡಿಗನಿಗೆ ಊರಿನ ನೆನಪು ಬಹಳವಾಗಿ ಕಾಡಿದರೆ ಅವನು ರವಿವಾರ ಬೆಳಿಗ್ಗೆ ಮಾರ್ಕೆಟ್ ಯಾರ್ಡಿಗೆ ಹೋಗಬೇಕು. ಸ್ವಾರಗೇಟಿನಿಂದ ಹತ್ತು ಹೆಜ್ಜೆ ಎನ್ನುವಷ್ಟು ಹತ್ತಿರ, ಗುಲ್‌ಟೇಕಡಿಯಲ್ಲಿ ಈ ಯಾರ್ಡು ಹಬ್ಬಿದೆ. ಶ್ರೀ ಛತ್ರಪತಿ ಶಿವಾಜಿ ಮಾರ್ಕೆಟ್ ಯಾರ್ಡ್ ಎಂದು ಅದರ ಪೂರ್ಣ ಹೆಸರು. ಒಂದು ಕಡೆ ತರಕಾರಿ ಮತ್ತು ಹಣ್ಣು, ಒಂದು ಕಡೆ ಹೂವು, ಮತ್ತೊಂದು ಕಡೆ ಬೆಲ್ಲ ಹಾಗೂ ಕಾಳುಕಡಿಯ ಭೂಸಾರ ವಿಭಾಗ. ಬ್ಯಾಡಗಿ ಮೆಣಸಿನಕಾಯಿಯ ಚೀಲದ ಬಳಿ ನಿಂತರೆ ಸೀನು ಬರುತ್ತದೆ. ಸೀನಿನ ಜೊತೆಗೆ ಹಾವೇರಿಯ ಕಡೆಯ ನೆನಪೂ ಬರುತ್ತದೆ. ರತ್ನಾಗಿರಿಯ ಆಪೂಸು ಮುಗಿಯುತ್ತ ಬಂದಾಗ ನಮ್ಮ ಕರ್ನಾಟಕದ ಆಪೂಸು ಬಂದು ಅಂಗಡಿ ತುಂಬುತ್ತದೆ. ಗಿರಾಕಿಗಳು ಎರಡಕ್ಕೂ ವ್ಯತ್ಯಾಸ ಹುಡುಕುತ್ತ ಮೂಸಿ ನೋಡುವುದನ್ನು ನೋಡುವುದೇ ಒಂದು ವಿನೋದ.

ಆದರೆ ನನಗೆ ಎಲ್ಲಕ್ಕಿಂತ ಪ್ರಿಯವಾದುದು ಲಾರಿಗಳ ನಂಬರ್ ಫಲಕ. ಸಾಲಾಗಿ ನಿಂತ ಲಾರಿಗಳ ನಡುವೆ ನಡೆಯುತ್ತ ಓದಿದರೆ ಭೂಗೋಳದ ಪಾಠ ತಾನಾಗಿ ಆಗುತ್ತದೆ. ಕೆಎ 22 ಎಂದರೆ ಬೆಳಗಾವಿ, 25 ಧಾರವಾಡ, 26 ಗದಗ, 27 ಹಾವೇರಿ, 28 ವಿಜಯಪುರ, 29 ಬಾಗಲಕೋಟೆ, 32 ಕಲಬುರಗಿ. ನಮ್ಮ ಮಕ್ಕಳಿಗೆ ಕರ್ನಾಟಕದ ಜಿಲ್ಲೆಗಳು ಬಂದದ್ದು ಶಾಲೆಯ ಪುಸ್ತಕದಿಂದಲ್ಲ, ಈ ಫಲಕಗಳಿಂದ. ಚೀಲ ಹೊರುವ ಹಮಾಲರಲ್ಲಿಯೂ ನಮ್ಮ ಕಡೆಯ ಮಾತು ಕಿವಿಗೆ ಬೀಳುತ್ತದೆ. ಬಾಬಾ ಆಢಾವರು ಕಟ್ಟಿದ ಹಮಾಲ ಪಂಚಾಯತಿಯ ‘ಕಷ್ಟಾಚಿ ಭಾಕರ’ದಲ್ಲಿ ಕಡಿಮೆ ಬೆಲೆಗೆ ಹೊಟ್ಟೆ ತುಂಬ ಊಟ ಸಿಗುತ್ತದೆ. ಅಲ್ಲಿಯ ಭಾಕರಿಗೂ ನಮ್ಮ ಜೋಳದ ರೊಟ್ಟಿಗೂ ಒಂದೇ ತಾಯಿ ಎನ್ನಲು ಅಡ್ಡಿಯಿಲ್ಲ.

ಒಮ್ಮೆ ವಿಜಯಪುರದ ಕಡೆಯ ಲಾರಿ ಚಾಲಕನೊಬ್ಬನನ್ನು ಮಾತಾಡಿಸಿದೆ. ‘ಏನಪಾ, ನೀ ವರ್ಷಗಟ್ಟಲೆ ಕೆಎ ನಂಬರಿನ ಗಾಡಿ ತಂದು ಇಲ್ಲಿ ನಿಲ್ಲಸ್ತಿ, ಯಾರೂ ಏನೂ ಕೇಳಂಗಿಲ್ಲ. ನಮ್ಮ ಕಾರಿಗೆ ಮಾತ್ರ ನಂಬರ್ ಬದಲಿ ಮಾಡಸ್ರಿ ಅಂತಾರಲ್ಲ?’ ಎಂದೆ. ಅವನು ಬೀಡಿ ಆರಿಸಿ, ‘ಸಾಹೇಬ್ರ, ನಮ್ಮ ಗಾಡಿ ಬರ್ತೈತಿ, ಹೋಗ್ತೈತಿ. ನಿಮ್ಮದು ಬಂತು, ಹೋಗ್ಲೇ ಇಲ್ಲ. ಬೀಗರ ಮನ್ಯಾಗ ಒಂದಿನ ಉಂಡ್ರ ಪಾಹುಣ್ಯಾ, ವರ್ಷ ಉಂಡ್ರ ಮನೀ ಮಂದಿ. ಮನೀ ಮಂದಿ ಅಂದಮ್ಯಾಲ ಪಾಲು ಕೊಡಬೇಕಲ್ರೀ?’ ಎಂದ. ಮೋಟಾರು ವಾಹನ ಕಾಯ್ದೆಯ 47ನೆಯ ಕಲಮಿಗೆ ಇದಕ್ಕಿಂತ ಒಳ್ಳೆಯ ಭಾಷ್ಯವನ್ನು ನಾನು ಯಾವ ವಕೀಲರಿಂದಲೂ ಕೇಳಿಲ್ಲ.

ಸರಕಿನ ಲಾರಿಗೆ ರಾಷ್ಟ್ರೀಯ ಪರ್ಮಿಟ್ಟು ಇರುತ್ತದೆ. 2010ರಿಂದ ಅದಕ್ಕೆ ಒಂದೇ ಗಂಟಿನ ವಾರ್ಷಿಕ ಶುಲ್ಕ ಕಟ್ಟಿದರೆ ಸಾಕು. ರಾಜ್ಯ ರಾಜ್ಯಕ್ಕೂ ಬೇರೆ ಬೇರೆ ಹಣ ತುಂಬುವ ತಾಪತ್ರಯ ತಪ್ಪಿದೆ. ನಮ್ಮ ಮನೆಯ ಕಾರಿನ ಮಾತು ಬೇರೆ. 1988ರ ಕಾಯ್ದೆಯ ಪ್ರಕಾರ, ಒಂದು ರಾಜ್ಯದಲ್ಲಿ ನೋಂದಾಯಿಸಿದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟರೆ ಅಲ್ಲಿಯ ಹೊಸ ನಂಬರು ಪಡೆಯಬೇಕು. ಆ ಅವಧಿ ಮುಗಿದ 30 ದಿನಗಳೊಳಗೆ ಅರ್ಜಿ ಹೋಗಬೇಕು.

ನಮ್ಮ ಅಜ್ಜಂದಿರಿಗೆ ಈ ತೊಡಕು ಇರಲಿಲ್ಲ. ಬೆಳಗಾವಿ, ಧಾರವಾಡ, ವಿಜಯಪುರ, ಕಾರವಾರಗಳೂ ಪುಣೆಯೂ ಆಗ ಒಂದೇ ಮುಂಬಯಿ ರಾಜ್ಯದಲ್ಲಿದ್ದುವು. 1956ರ ನವೆಂಬರ್ 1ರಂದು ನಡುವೆ ಗೆರೆ ಬಿತ್ತು. ಕನ್ನಡ ನಾಡು ಒಂದಾದುದು ನಮ್ಮೆಲ್ಲರ ಸೌಭಾಗ್ಯ. ಅದಕ್ಕಾಗಿ ಹಿರಿಯರು ಪಟ್ಟ ಪಾಡು ಸಣ್ಣದಲ್ಲ. ಆ ಸೌಭಾಗ್ಯದ ಜೊತೆಗೆ ಗಡಿ ದಾಟಿದವರಿಗೆ ಒಂದಿಷ್ಟು ಕಾಗದದ ಕೆಲಸವೂ ಬಂತು. ಸರಕಾರಿ ಕಚೇರಿಯಲ್ಲಿ ಕಾರಕೂನನಾಗಿರುವ ನನಗೆ ಕಾಗದದ ಭಯವಿಲ್ಲ. ಭಯವಿರುವವರಿಗಾಗಿ ಕೆಲಸದ ಕ್ರಮವನ್ನು ಇಲ್ಲಿ ಸರಳವಾಗಿ ಹೇಳುತ್ತೇನೆ.

ಮೊದಲು ಊರಿನ ಆರ್‌ಟಿಓ ಕಚೇರಿಯಿಂದ ನಿರಾಕ್ಷೇಪಣ ಪತ್ರ ತರಬೇಕು. ಅದಕ್ಕೆ ನಮೂನೆ 28. ಬಾಕಿ ತೆರಿಗೆ, ದಂಡಗಳಿದ್ದರೆ ತುಂಬಿರಬೇಕು; ಬ್ಯಾಂಕಿನ ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆ ಬೇಕು; ಗಾಡಿ ಕಳವಿನದಲ್ಲವೆಂದು ಪೊಲೀಸ್ ದಾಖಲೆಯಿಂದ ಖಾತ್ರಿಯಾಗಬೇಕು. ಒಂದು ಮಾತು ಬಹಳ ಜನಕ್ಕೆ ಗೊತ್ತಿಲ್ಲ. ಅರ್ಜಿ ಮುಟ್ಟಿದ 30 ದಿನಗಳೊಳಗೆ ಕಚೇರಿ ಕೊಡುತ್ತೇನೆ ಅಥವಾ ಕೊಡುವುದಿಲ್ಲ ಎಂದು ತಿಳಿಸಬೇಕು; ತಿಳಿಸದಿದ್ದರೆ ಕೊಟ್ಟಂತೆಯೇ ಎಂದು ಕಾಯ್ದೆಯ 48ನೆಯ ಕಲಮು ಹೇಳುತ್ತದೆ. ಆದ್ದರಿಂದ ಅರ್ಜಿ ಕೊಟ್ಟ ರಸೀತಿಯನ್ನು ಜೋಪಾನವಾಗಿಡಿರಿ.

ಆ ಮೇಲೆ ಪುಣೆಯ ಆರ್‌ಟಿಓ. ಅದು ಸಂಗಮ್ ಪೂಲಿನ ಹತ್ತಿರ ಇದೆ. ಎಂಎಚ್ 12 ಎಂಬುದು ಅದರ ಗುರುತು. ಪಿಂಪ್ರಿ-ಚಿಂಚವಾಡದಲ್ಲಿ ಮನೆಯಿದ್ದವರಿಗೆ ಎಂಎಚ್ 14. ಇಲ್ಲಿ ನಮೂನೆ 27 ತುಂಬಿ, ಮೂಲ ಆರ್‌ಸಿ, ನಿರಾಕ್ಷೇಪಣ ಪತ್ರ, ಚಾಲ್ತಿಯಲ್ಲಿರುವ ವಿಮೆ, ಹೊಗೆ ತಪಾಸಣೆಯ ಪತ್ರ, ಮನೆಯ ವಿಳಾಸದ ಪುರಾವೆ ಇವನ್ನು ಲಗತ್ತಿಸಿ, ಗಾಡಿಯನ್ನು ತಪಾಸಣೆಗೆ ತೋರಿಸಬೇಕು. ಮಹಾರಾಷ್ಟ್ರದ ತೆರಿಗೆ ತುಂಬಬೇಕು. ಗಾಡಿಯ ಬೆಲೆ, ಇಂಧನ, ವಯಸ್ಸು ನೋಡಿ ಅದನ್ನು ಎಣಿಸುತ್ತಾರೆ. ಇಲ್ಲಿಯ ಹೊಸ ನಂಬರು ಬಂದ ನಂತರ, ಕರ್ನಾಟಕದಲ್ಲಿ ಮೊದಲು ಕಟ್ಟಿದ ಆಜೀವ ತೆರಿಗೆಯಲ್ಲಿ ಉಳಿದ ಕಾಲದ ಭಾಗವನ್ನು ಹಿಂದಕ್ಕೆ ಕೇಳಬಹುದು. ಕೇಳಿದವರಿಗೆ ಮಾತ್ರ ಅದು ಬರುತ್ತದೆ; ಕೇಳದೆ ಬಿಟ್ಟವರ ಹಣ ಅಲ್ಲಿಯೇ ಉಳಿಯುತ್ತದೆ. ಹೊಸ ಫಲಕ ಹಾಕಿಸಿದ ಮೇಲೆ ಫಾಸ್ಟ್ಯಾಗಿನಲ್ಲಿಯೂ ವಿಮೆಯ ಪಾಲಿಸಿಯಲ್ಲಿಯೂ ನಂಬರು ತಿದ್ದಿಸುವುದನ್ನು ಮರೆಯಬಾರದು.

ಮೇಲಿಂದ ಮೇಲೆ ವರ್ಗವಾಗುವವರಿಗೆ 2021ರ ಸೆಪ್ಟೆಂಬರ್ 15ರಿಂದ ಇನ್ನೊಂದು ದಾರಿ ತೆರೆದಿದೆ. ಅದೇ ಬಿಎಚ್ ಸರಣಿ. ಸೈನ್ಯದವರು, ಕೇಂದ್ರ ಮತ್ತು ರಾಜ್ಯ ಸರಕಾರಿ ನೌಕರರು, ಸಾರ್ವಜನಿಕ ಉದ್ಯಮದವರು, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಖಾಸಗಿ ಕಂಪನಿಗಳ ನೌಕರರು ಇದನ್ನು ಪಡೆಯಬಹುದು. ತೆರಿಗೆಯನ್ನು ಎರಡೆರಡು ವರ್ಷಕ್ಕೆ ಕಟ್ಟುತ್ತ ಹೋದರಾಯಿತು. ರಾಜ್ಯ ಬದಲಾದರೂ ನಂಬರು ಬದಲಾಗುವುದಿಲ್ಲ. ಆದರೆ ಯಾರ್ಡಿನ ಅಂಗಡಿಕಾರರಿಗೆ, ಅಡತಿಯ ಗುಮಾಸ್ತರಿಗೆ ಈ ಭಾಗ್ಯವಿಲ್ಲ.

ಲೈಸನ್ಸಿನ ವಿಷಯ ಸುಲಭ. ಧಾರವಾಡದಲ್ಲಿ ಪಡೆದ ಲೈಸನ್ಸು ಭಾರತದ ತುಂಬ ನಡೆಯುತ್ತದೆ. ಪುಣೆಗೆ ಬಂದಿರೆಂದು ಮತ್ತೆ ಪರೀಕ್ಷೆ ಕೊಡಬೇಕಿಲ್ಲ. ವಿಳಾಸ ತಿದ್ದಿಸಿಕೊಂಡರೆ ಮುಂದೆ ನವೀಕರಣಕ್ಕೆ ಅನುಕೂಲ. ನೋಡಬೇಕಾದುದು ಅವಧಿಯನ್ನು. 2019ರ ತಿದ್ದುಪಡಿಯ ನಂತರ, ಮೂವತ್ತು ತುಂಬುವ ಮೊದಲು ಪಡೆದ ಲೈಸನ್ಸು 40ನೆಯ ವಯಸ್ಸಿನವರೆಗೆ, ಮೂವತ್ತರಿಂದ ಐವತ್ತರೊಳಗಿನವರಿಗೆ 10 ವರ್ಷ ನಡೆಯುತ್ತದೆ. ಅವಧಿ ಮುಗಿದು ಒಂದು ವರ್ಷ ದಾಟಿದರೆ ಮಾತ್ರ ಮತ್ತೆ ಪರೀಕ್ಷೆಯ ಮೈದಾನಕ್ಕೆ ಇಳಿಯಬೇಕಾಗುತ್ತದೆ.

ಇನ್ನು ವಿಮೆ. ಪಾಲಿಸಿಯೂ ಇಡೀ ದೇಶಕ್ಕೆ ಅನ್ವಯಿಸುತ್ತದೆ. ನಿಪ್ಪಾಣಿ ದಾಟಿದ ಕೂಡಲೆ ಅದು ಸಾಯುವುದಿಲ್ಲ. ಆದರೆ ಕಾರಿನ ಸ್ವಂತ ಹಾನಿಯ ವಿಮೆಗೆ ಎರಡು ವಲಯಗಳುಂಟು. ಪುಣೆ, ಮುಂಬಯಿ, ಬೆಂಗಳೂರು, ಚೆನ್ನೈ, ಹೈದರಾಬಾದು, ಅಹಮದಾಬಾದು, ಕೋಲ್ಕತಾ, ದಿಲ್ಲಿ ಇವು ಎ ವಲಯ. ಉಳಿದ ಭಾರತವೆಲ್ಲ ಬಿ ವಲಯ. ಗಾಡಿ ಎಲ್ಲಿ ನೋಂದಣಿಯಾಗಿದೆ ಎಂಬುದರ ಮೇಲೆ ವಲಯ ನಿರ್ಧಾರವಾಗುತ್ತದೆ. ಗದಗಿನ ಕಾರು ಪುಣೆಯದಾದರೆ ಕಂತು ತುಸು ಏರುತ್ತದೆ. ಆ ತುಸು ಹಣ ಉಳಿಸಲು ಕೆಲವರು ಹಳೆಯ ನಂಬರಿನಲ್ಲಿಯೇ ಓಡಿಸುತ್ತಾರೆ. ಇದು ಲಾಭದ ಲೆಕ್ಕವಲ್ಲ. ನೋಂದಣಿ ಸರಿಯಿಲ್ಲದ ಗಾಡಿಗೆ ನ್ಯಾಯಾಲಯಗಳು ಕನಿಕರ ತೋರಿಸುವುದಿಲ್ಲ. 2011ರಲ್ಲಿ ಜೋಧಪುರದಲ್ಲಿ ಕಳವಾದ ಹೊಸ ಗಾಡಿಯೊಂದರ ತಾತ್ಕಾಲಿಕ ನೋಂದಣಿ ಕೆಲವೇ ದಿನಗಳ ಹಿಂದೆ ಮುಗಿದಿತ್ತು. ಆ ಒಂದು ಕಾರಣಕ್ಕೆ ವಿಮೆಯ ಹಣ ಕೊಡಬೇಕಿಲ್ಲವೆಂದು 2021ರಲ್ಲಿ ಸುಪ್ರೀಮ್ ಕೋರ್ಟು ತೀರ್ಪಿತ್ತಿತು. ಕಂತು ಕಟ್ಟಿದ್ದರೂ ಕಾಗದ ಕೈಕೊಟ್ಟಿತು.

ಈ ಕಾಗದಗಳ ನಿಜವಾದ ಬೆಲೆ ನನಗೆ ತಿಳಿದದ್ದು ನಮ್ಮ ಬಿಬವೇವಾಡಿಯ ಒಂದು ಮನೆಯಲ್ಲಿ. ಆ ಮನೆಯ ಯಜಮಾನರು ಯಾರ್ಡಿನ ಭೂಸಾರ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಗದಗಿನವರು. ಊರಿನಲ್ಲಿ ಕೊಂಡ ಸಣ್ಣ ಕಾರನ್ನು ಇಲ್ಲಿಗೆ ತಂದಿದ್ದರು. ಒಂದು ರಾತ್ರಿ ಎದೆನೋವು ಬಂದು ತೀರಿಕೊಂಡರು. ಹದಿಮೂರು ದಿನ ಕಳೆದ ಮೇಲೆ ಅವರ ಹೆಂಡತಿ ಒಂದು ಫೈಲನ್ನು ನನ್ನ ಮುಂದಿಟ್ಟು, ‘ತಮ್ಮಾ, ಇದರಾಗ ಏನೈತಿ, ಏನಿಲ್ಲ ನೋಡಿ ಹೇಳು. ಅವರಿದ್ದಾಗ ನಾ ಒಂದ ದಿನಾ ಬಿಚ್ಚಿ ನೋಡಿದಾಕಿ ಅಲ್ಲ’ ಎಂದರು. ಗಾಡಿ ಕೆಎ 26. ಪಾಲಿಸಿಯ ಮೇಲೆ ಗದಗಿನ ವಿಳಾಸ. ಆ ಮನೆಗೆ ಬೀಗ ಬಿದ್ದು ನಾಲ್ಕು ವರ್ಷವಾಗಿತ್ತು. ನವೀಕರಣದ ಪತ್ರಗಳು ಬೀಗ ಹಾಕಿದ ಬಾಗಿಲಿನ ಕೆಳಗೆ ತೂರಿ ಬಿದ್ದಿದ್ದುವು. ಪಾಲಿಸಿ ಮುಗಿಯಲು ಉಳಿದದ್ದು ಎರಡು ತಿಂಗಳಿಗೂ ಕಡಿಮೆ.

ಮಾಲಿಕ ತೀರಿಕೊಂಡರೆ ಪಾಲಿಸಿ ಕೂಡಲೆ ರದ್ದಾಗುವುದಿಲ್ಲ. ಮೂರು ತಿಂಗಳು, ಅಥವಾ ಅದರ ಅವಧಿ ಮುಗಿಯುವ ತನಕ, ಯಾವುದು ಮೊದಲೋ ಅಲ್ಲಿಯವರೆಗೆ ಅದು ಜೀವಂತ. ಮರಣದ ಸುದ್ದಿಯನ್ನು 30 ದಿನಗಳೊಳಗೆ ಆರ್‌ಟಿಓಗೆ ತಿಳಿಸಿ, ನಮೂನೆ 31ರಲ್ಲಿ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು. ಅಕ್ಕ ಮೊದಲು ಗದಗಿಗೆ ಹೋಗಿ ಗಾಡಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡರು. ಆ ಮೇಲೆ ನಿರಾಕ್ಷೇಪಣ ಪತ್ರ. ಆ ಮೇಲೆ ಪುಣೆಯ ನಂಬರು. ಗಂಡ ಐದು ವರ್ಷ ಹಾನಿಯ ಹಣ ಕೇಳದೆ ಗಳಿಸಿದ್ದ ಶೇಕಡಾ 50ರ ರಿಯಾಯತಿ, ವಾರಸುದಾರಳಾದ ಹೆಂಡತಿಗೆ ದಕ್ಕಿತು. ಕಾರನ್ನು ಮಾರಿಬಿಡಿರಿ ಎಂದು ಹಲವರು ಹೇಳಿದರು. ಅಕ್ಕ ಮಾರಲಿಲ್ಲ. ಈಗ ಅದೇ ಕಾರಿನಲ್ಲಿ ಯಾರ್ಡಿನಿಂದ ಮೆಣಸಿನಕಾಯಿ, ಬೆಲ್ಲ ತಂದು, ಚಟ್ನಿಪುಡಿ ಮಾಡಿ ನಮ್ಮ ಮನೆಗಳಿಗೆಲ್ಲ ಮುಟ್ಟಿಸುತ್ತಾರೆ. ಸ್ಟಿಯರಿಂಗ್ ಹಿಡಿಯಲು ಅವರಿಗೆ ಮೊದಲೇ ಬರುತ್ತಿತ್ತು; ಲೈಸನ್ಸೂ ಇತ್ತು. ಇರದಿದ್ದುದು ಕಾಗದದ ಪರಿಚಯ ಮಾತ್ರ.

ಆದ್ದರಿಂದ ಓದುಗ ಬಂಧುಗಳಲ್ಲಿ, ಅದರಲ್ಲಿಯೂ ಮನೆಯ ಗಂಡಸರಲ್ಲಿ, ನನ್ನ ವಿನಂತಿ ಇಷ್ಟೆ. ಒಂದು ರಜೆಯ ದಿನ ಫೈಲನ್ನು ಊಟದ ಮಣೆಯ ಹತ್ತಿರ ತಂದು ಹೆಂಡತಿ ಮಕ್ಕಳೆದುರಿಗೆ ಬಿಚ್ಚಿರಿ. ಆರ್‌ಸಿಯಲ್ಲಿ, ಪಾಲಿಸಿಯಲ್ಲಿ, ಲೈಸನ್ಸಿನಲ್ಲಿ ಇರುವ ವಿಳಾಸ ನೀವು ಮಲಗುವ ಮನೆಯದೇ ಎಂದು ನೋಡಿರಿ. ಪಾಲಿಸಿಯೊಡನೆ ಮಾಲಿಕ-ಚಾಲಕನಿಗೆ 15 ಲಕ್ಷ ರೂಪಾಯಿಯ ಅಪಘಾತ ವಿಮೆ ಇದೆಯೇ, ಅದರಲ್ಲಿ ವಾರಸುದಾರರ ಹೆಸರು ಬರೆದಿದೆಯೇ ನೋಡಿರಿ. ಲೈಸನ್ಸು ಸತ್ತಿದ್ದರೆ ಆ ಹಣ ಸಿಗುವುದು ಕಷ್ಟ. ಪಾಲಿಸಿ ಮುಗಿದು 90 ದಿನ ದಾಟಿದರೆ ಕೂಡಿಸಿದ ರಿಯಾಯತಿ ಪೂರಾ ಹೋಗುತ್ತದೆಂಬುದನ್ನು ನೆನಪಿಡಿರಿ.

ಕೆಎ ಅಕ್ಷರಗಳನ್ನು ಬಿಡಲು ಮನಸ್ಸು ಬಾರದೆಂದು ಹಲವರು ಹೇಳುತ್ತಾರೆ. ನನಗೂ ಅದು ತಿಳಿಯುತ್ತದೆ. ಪರಊರಿನ ದಾರಿಯಲ್ಲಿ ಕೆಎ ಕಂಡರೆ ತವರಿನವರು ಎದುರು ಬಂದಂತೆ ಆಗುತ್ತದೆ. ಆದರೆ ಆ ಎರಡಕ್ಷರಗಳನ್ನು ನೋಡುವ ಆಸೆಯಾದರೆ ಮಾರ್ಕೆಟ್ ಯಾರ್ಡಿನಲ್ಲಿ ಬೆಳಗಾದರೆ ಸಾಲುಗಟ್ಟಿ ನಿಂತಿರುತ್ತವೆ. ನಮ್ಮ ಕಾರು ಎಂಎಚ್ ಆದ ಮೇಲೆಯೂ ಒಳಗೆ ಕೂತವರು ಕನ್ನಡವನ್ನೇ ಆಡುತ್ತಾರೆ. ಹಿಂದಿನ ಸೀಟಿನಲ್ಲಿ ಮಕ್ಕಳು ಈಗಲೂ ಎದುರಿನ ಲಾರಿಯ ನಂಬರು ಓದಿ, ‘ಅಪ್ಪಾ, ಬಾಗಲಕೋಟೆ!’ ಎಂದು ಕೂಗುತ್ತಾರೆ.