ಪಾದಪದ್ಮೋಪಜೀವಿಗಳ ನಾಡು: ಸಾಮ್ರಾಜ್ಯವನ್ನು ಓದುವ ಬಗೆ

ಹಾನಗಲ್ಲು ತಾಲೂಕಿನ ತಿಳವಳ್ಳಿಯಲ್ಲಿರುವ ಸಾಂತೇಶ್ವರ ದೇವಾಲಯವನ್ನು ವಿದ್ವಾಂಸರು ಸೇವುಣರ ಕಾಲದ್ದೆಂದು ಗುರುತಿಸುತ್ತಾರೆ. 13ನೆಯ ಶತಮಾನದ ಈ ಕಾಲನಿರ್ದೇಶ ಸರಿಯಾದುದೇ. ಆದರೆ ಸೇವುಣರ ರಾಜಧಾನಿಯಾದ ದೇವಗಿರಿ ಇಲ್ಲಿಂದ 500 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದೆ. ಗುಡಿಯ ವಾಸ್ತುರೀತಿಯಾದರೋ ಕಲ್ಯಾಣದ ಚಾಲುಕ್ಯರ ಕಾಲದಿಂದ ಈ ಸೀಮೆಯ ಶಿಲ್ಪಿಗಳು ಬೆಳೆಸಿಕೊಂಡು ಬಂದ ಪರಂಪರೆಗೆ ಸೇರಿದ್ದು. ಹೀಗಿರುವಾಗ ‘ಸೇವುಣರ ದೇವಾಲಯ’ ಎಂಬ ಮಾತು ಏನನ್ನು ಹೇಳುತ್ತದೆ? ಕಾಲವನ್ನೋ, ಅಧಿಕಾರವನ್ನೋ, ಸಂಸ್ಕೃತಿಯನ್ನೋ? ಸಾಮ್ರಾಜ್ಯವೊಂದರ ಹೆಸರು ಊರೊಂದರ ಮೇಲೆ ಬಿದ್ದಾಗ ಅಲ್ಲಿ ನಿಜವಾಗಿ ನಡೆದದ್ದೇನು ಎಂಬ ಪ್ರಶ್ನೆ ತಿಳವಳ್ಳಿಗೆ ಮಾತ್ರ ಸೀಮಿತವಾದುದಲ್ಲ.

ರೋಮ್ ಸಾಮ್ರಾಜ್ಯದ ಅಧ್ಯಯನದಲ್ಲಿ ಈ ಪ್ರಶ್ನೆ ಒಂದು ಶತಮಾನಕ್ಕೂ ಮೀರಿ ಚರ್ಚೆಗೊಳಗಾಗಿದೆ. ಫ್ರಾನ್ಸಿಸ್ ಹ್ಯಾವರ್‌ಫೀಲ್ಡ್ 1905ರಲ್ಲಿ ಬ್ರಿಟನ್ನಿನ ‘ರೋಮನೀಕರಣ’ದ ಬಗ್ಗೆ ಉಪನ್ಯಾಸ ನೀಡಿದನು. ಲ್ಯಾಟಿನ್ ಭಾಷೆ, ನಗರ, ವಸ್ತು, ವಾಸಗೃಹ ಎಲ್ಲವೂ ರೋಮಿನಿಂದ ಪ್ರಾಂತಗಳಿಗೆ ಹರಿದು ಬಂದ ನಾಗರಿಕತೆಯ ಗುರುತುಗಳೆಂಬುದು ಅವನ ನಿಲುವು. ಬ್ರಿಟಿಷ್ ಸಾಮ್ರಾಜ್ಯ ಉನ್ನತಿಯಲ್ಲಿದ್ದ ದಿನಗಳಲ್ಲಿ ಅಂಥ ನಿಲುವು ಸಹಜವೆನಿಸಿತ್ತು. 1990ರಲ್ಲಿ ಮಾರ್ಟಿನ್ ಮಿಲೆಟ್ ಇದನ್ನು ತಿರುಗಿಸಿ ನೋಡಿದನು: ಸ್ಥಳೀಯ ಪ್ರಮುಖರೇ ತಮ್ಮ ಸ್ಥಾನಮಾನವನ್ನು ಭದ್ರಪಡಿಸಿಕೊಳ್ಳಲು ರೋಮನ್ ರೀತಿಗಳನ್ನು ಕೈಗೊಂಡರೆಂಬುದು ಅವನ ವಾದ. 2011ರ ತನ್ನ ಗ್ರಂಥದಲ್ಲಿ ಡೇವಿಡ್ ಮ್ಯಾಟಿಂಗ್ಲಿ ಎರಡನ್ನೂ ಪ್ರಶ್ನಿಸಿದನು. ಸೈನಿಕ, ನಗರವಾಸಿ, ಹಳ್ಳಿಗ, ಗುಲಾಮ ಇವರೆಲ್ಲರ ಅನುಭವ ಒಂದೇ ಆಗಿರಲಿಲ್ಲ. ಗೆಲುವಿನ ಹಿಂದಿನ ಹಿಂಸೆಯನ್ನೂ ಸುಲಿಗೆಯನ್ನೂ ‘ರೋಮನೀಕರಣ’ ಎಂಬ ಸೌಮ್ಯ ಪದ ಮರೆಮಾಚುತ್ತದೆ ಎಂದನು.

ಕರ್ನಾಟಕದ ಶಾಸನಾಧ್ಯಯನಕ್ಕೆ ತಳಹದಿ ಹಾಕಿದವರಲ್ಲಿ ಒಬ್ಬನಾದ ಜೆ. ಎಫ್. ಫ್ಲೀಟ್ (1847–1917) ಸ್ವತಃ ಮುಂಬಯಿ ಆಧಿಪತ್ಯದ ಅಧಿಕಾರಿ. ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕ್ರಮಬದ್ಧವಾಗಿ ಜೋಡಿಸಿಕೊಟ್ಟ ಅವನ ಉಪಕಾರ ದೊಡ್ಡದು. ಆದರೆ ಆ ಜೋಡಣೆಗೆ ಅವನು ಬಳಸಿದ ಪದಗಳು ಯುರೋಪಿನವು. ಹಾನಗಲ್ಲ ಕದಂಬರಂಥ ಮಹಾಮಂಡಲೇಶ್ವರರನ್ನು ಅವನು ‘ಫ್ಯೂಡೆಟರಿ’ ಎಂದು ಕರೆದನು. ಕನ್ನಡದಲ್ಲಿ ಅದಕ್ಕೆ ‘ಸಾಮಂತ’ ಎಂಬ ಮಾತು ನೆಲೆಗೊಂಡಿತು. ಈ ಸಂಸ್ಕೃತ ಶಬ್ದದ ಹಳೆಯ ಅರ್ಥ ನೆರೆಯವನು, ಗಡಿಯಾಚೆಯ ಅರಸು. ಅಧೀನನೆಂಬ ಅರ್ಥ ಅನಂತರ ಬಂದುದು. ನೆರೆಯವನು ಅಧೀನನಾದ ಕಥೆ ಆ ಒಂದು ಶಬ್ದದ ಅರ್ಥಪಲ್ಲಟದಲ್ಲಿಯೇ ಅಡಗಿದೆ.

ಶಾಸನಗಳ ರಚನೆಯೂ ಹೀಗೆಯೇ ಎರಡು ಓದುಗಳಿಗೆ ಎಡೆಗೊಡುತ್ತದೆ. ಮೊದಲು ‘ಸಮಸ್ತಭುವನಾಶ್ರಯ’ ಎಂಬಂಥ ಬಿರುದುಗಳೊಡನೆ ಚಕ್ರವರ್ತಿ ಬರುತ್ತಾನೆ. ಅನಂತರ ‘ತತ್ಪಾದಪದ್ಮೋಪಜೀವಿ’ ಎಂಬ ಮಾತಿನೊಡನೆ ಮಾಂಡಲಿಕ ಬರುತ್ತಾನೆ. ಪಾದಕಮಲವನ್ನು ಆಶ್ರಯಿಸಿ ಬದುಕುವವನೆಂದು ಹೇಳಿಕೊಂಡ ಹಾನಗಲ್ಲ ಕದಂಬನೇ ‘ಬನವಾಸಿಪುರವರಾಧೀಶ್ವರ’ ಎಂದೂ ಹೇಳಿಕೊಳ್ಳುತ್ತಾನೆ. ಮೊದಲನೆಯದು ವಿಧೇಯತೆ, ಎರಡನೆಯದು ಚಾಲುಕ್ಯರಿಗಿಂತ ಹಳೆಯದಾದ ತನ್ನ ಮನೆತನದ ನೆನಪು. ಚಕ್ರವರ್ತಿಯ ಹೆಸರು ಇಲ್ಲಿ ಮಾಂಡಲಿಕನ ಮೇಲಿನ ಹೊರೆ ಮಾತ್ರವಲ್ಲ, ಬನವಾಸಿ 12000, ಪಾನುಂಗಲ್ಲು 500ರ ಜನರ ಮುಂದೆ ಅವನ ಅಧಿಕಾರಕ್ಕೆ ದೊರೆತ ಮುದ್ರೆಯೂ ಹೌದು. ಆರ್. ಎಸ್. ಶರ್ಮಾ 1965ರಲ್ಲಿ ಭಾರತೀಯ ಊಳಿಗಮಾನ್ಯತೆಯನ್ನು ಕುರಿತು, ಬರ್ಟನ್ ಸ್ಟೀನ್ 1980ರಲ್ಲಿ ದಕ್ಷಿಣದ ಖಂಡೀಯ ಪ್ರಭುತ್ವವನ್ನು ಕುರಿತು ಬರೆದಾಗ, ಕೇಂದ್ರದ ಹಿಡಿತ ಎಷ್ಟು, ಸ್ಥಳೀಯರ ಸ್ವಾತಂತ್ರ್ಯ ಎಷ್ಟು ಎಂಬುದೇ ಚರ್ಚೆಯ ತಿರುಳಾಗಿತ್ತು.

ಈ ಚರ್ಚೆಯಲ್ಲಿ ಒಂದು ಪಾಲು ಸುಲಭವಾಗಿ ಬಿಟ್ಟುಹೋಗುತ್ತದೆ. ಚಕ್ರವರ್ತಿ ಮತ್ತು ಮಾಂಡಲಿಕರ ನಡುವಣ ಲೆಕ್ಕಾಚಾರವನ್ನೇ ಇತಿಹಾಸವೆಂದು ತಿಳಿದರೆ, ಆ ಇಬ್ಬರ ಕೆಳಗಿದ್ದವರು ಕಾಣುವುದಿಲ್ಲ. ಚಾಲುಕ್ಯ ಸಾಮ್ರಾಜ್ಯ ಕುಸಿದ ಮೇಲೆ, 1196ರಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳನು ಹಾನಗಲ್ಲನ್ನು ಮುತ್ತಿದನು. ಕದಂಬ ಕಾಮದೇವನ ದಂಡನಾಯಕ ಸೋಹಣಿ ಆ ಕಾಳಗದಲ್ಲಿ ಮಡಿದನು; ಮುತ್ತಿಗೆ ಆ ಸಲ ವಿಫಲವಾಯಿತು. ಇದನ್ನು ತಿಳಿಸುವುದು ರಾಜಪ್ರಶಸ್ತಿಯಲ್ಲ, ಒಂದು ವೀರಗಲ್ಲು. ಮುಂದೆ ಈ ಸೀಮೆ ಹೊಯ್ಸಳರ ಕೈಗೂ ಸೇವುಣರ ಕೈಗೂ ಹೋಯಿತು. ವಂಶಾವಳಿಯ ಪಟ್ಟಿಯಲ್ಲಿ ಇದು ಒಂದು ಸಾಲು. ಪ್ರತಿ ಬದಲಾವಣೆಯಲ್ಲಿಯೂ ತೆರಿಗೆ ಸಲ್ಲಿಸಿದವರು, ದಂಡಿಗೆ ದವಸ ಒದಗಿಸಿದವರು ಅದೇ ಊರುಗಳ ಒಕ್ಕಲುಗಳು.

ನಾಡಿನಾದ್ಯಂತ ನಿಂತಿರುವ ತುರುಗೊಳ್, ಪೆಣ್ಬುಯ್ಯಲುಗಳ ವೀರಗಲ್ಲುಗಳು ಈ ಪಾಲಿನ ಸಾಕ್ಷಿಗಳು. ಅವುಗಳಲ್ಲಿ ಚಕ್ರವರ್ತಿಯ ಹೆಸರು ಬಂದರೂ ಹೆಚ್ಚಿನಂಶ ಕಾಲವನ್ನು ಸೂಚಿಸುವುದಕ್ಕೆ. ಮುಖ್ಯ ಸಂಗತಿ ದನಗಳನ್ನು ಬಿಡಿಸಿಕೊಳ್ಳಲು, ಹೆಂಗಸರ ಮಾನ ಕಾಯಲು ಹೋಗಿ ಸತ್ತ ಊರಿನವನದು. ‘ಸಮಸ್ತಭುವನ’ಕ್ಕೆ ಆಶ್ರಯನಾದವನ ಆಳ್ವಿಕೆಯಲ್ಲಿಯೂ ಊರ ದನಗಳಿಗೆ ಊರವನ ಪ್ರಾಣವೇ ಕಾವಲಾಗಿತ್ತು ಎಂಬುದನ್ನು ಆ ಕಲ್ಲುಗಳು ಯಾವ ವ್ಯಾಖ್ಯಾನವೂ ಇಲ್ಲದೆ ಹೇಳುತ್ತವೆ.

ಹಾಗೆಂದು ಪ್ರಶಸ್ತಿಗಳು ಸುಳ್ಳು, ವೀರಗಲ್ಲುಗಳು ಮಾತ್ರ ನಿಜ ಎನ್ನುವುದು ಇನ್ನೊಂದು ಏಕಾಕ್ಷಿ ನೋಟವಾದೀತು. ವೀರಗಲ್ಲೂ ಸಾವನ್ನು ವೈಭವೀಕರಿಸುತ್ತದೆ. ಮೇಲಿನ ಪಟ್ಟಿಕೆಯ ಸ್ವರ್ಗ ಕೆಳಗಿನ ಪಟ್ಟಿಕೆಯ ನೋವನ್ನು ಮರೆಸುತ್ತದೆ. ಸಂಶೋಧಕನ ಹೊಣೆ ಇರುವುದು ಓದುವ ಕ್ರಮದಲ್ಲಿ. ಶಾಸನಸಂಪುಟಗಳ ಸಾರಾಂಶಗಳಲ್ಲಿ ಅರಸನ ಹೆಸರು, ವರ್ಷ, ವಂಶ ಉಳಿದು, ದಾನಭೂಮಿಯ ಎಲ್ಲೆ, ಅಳತೆ, ಹತ್ತಿರದ ಕೆರೆ ಇವು ‘ದಾನವನ್ನು ತಿಳಿಸುತ್ತದೆ’ ಎಂಬ ಒಂದು ವಾಕ್ಯವಾಗಿ ಕುಗ್ಗುವುದುಂಟು. ಸಾರಾಂಶವನ್ನಷ್ಟೇ ಓದುವ ವಿದ್ಯಾರ್ಥಿಗೆ ಸಾಮ್ರಾಜ್ಯ ದೊರೆಯುತ್ತದೆ, ಊರು ದೊರೆಯುವುದಿಲ್ಲ. ಪೂರ್ಣಪಾಠವನ್ನು ಕೊನೆಯ ಸಾಲುಗಳಿಂದ ಮೇಲಕ್ಕೆ ಓದುತ್ತ ಬಂದವನು ಮೊದಲು ಗದ್ದೆಯನ್ನೂ ಅದರ ಎಲ್ಲೆಯ ಕಲ್ಲನ್ನೂ ಕಾಣುತ್ತಾನೆ, ಆಮೇಲೆ ಮಾಂಡಲಿಕನನ್ನು, ಕಟ್ಟಕಡೆಗೆ ದೂರದ ಚಕ್ರವರ್ತಿಯನ್ನು. ತಿಳವಳ್ಳಿಯ ಒಕ್ಕಲಿಗನೊಬ್ಬನಿಗೆ ದೇವಗಿರಿ ಕಂಡದ್ದು ಬಹುಶಃ ಇದೇ ಕ್ರಮದಲ್ಲಿ.