ಲಿಸ್ಬನ್ನಿನಲ್ಲೂ ‘ಹೋಗಿ ಬರ್ತೇವೆ’

ಪೋರ್ಚುಗಲ್ ದೇಶದ ರಾಜಧಾನಿ ಲಿಸ್ಬನ್. ಅಲ್ಲಿನ ಅಲ್ಫಾಮಾ ಬಹಳ ಹಳೆಯ ಕೇರಿ. ಗುಡ್ಡದ ಮೇಲೆ ಒತ್ತೊತ್ತಾಗಿ ಮನೆಗಳು, ಮೆಟ್ಟಿಲುಮೆಟ್ಟಿಲಾದ ಓಣಿಗಳು. ಅಲ್ಲಿ ತಿರುಗಾಡುವಾಗ ನಾವು ಕಣ್ಣಿಗಿಂತ ಕಿವಿಗೇ ಹೆಚ್ಚು ಕೆಲಸ ಕೊಟ್ಟೆವು. ಏಕೆಂದರೆ ಆ ಜನರ ಬೀಳ್ಕೊಡುಗೆಯ ಮಾತಿನಲ್ಲೇ ಮತ್ತೆ ಯಾವಾಗ ಸಿಗುತ್ತಾರೆಂಬುದೂ ಸೇರಿರುತ್ತದೆ.

ಐದು ಹತ್ತು ನಿಮಿಷದಲ್ಲಿ ಮತ್ತೆ ಸಿಗುವವರು ‘ಅತೆ ಝಾ’ ಎನ್ನುತ್ತಾರೆ. ಅದೇ ದಿನ ತುಸು ಹೊತ್ತಿನ ಮೇಲಾದರೆ ‘ಅತೆ ಲೋಗು’. ನಾಳೆಗಾದರೆ ‘ಅತೆ ಅಮಾನ್ಯಾಂ’. ಹಿರಿಯರು ಇದರ ಬಾಲಕ್ಕೆ ‘ಸೆ ದೇವುಶ್ ಕಿಝೇರ್’, ಅಂದರೆ ‘ದೇವರ ಚಿತ್ತವಿದ್ದರೆ’ ಎಂದು ಸೇರಿಸುವುದುಂಟು. ಬಹುಕಾಲ ಅಗಲುವಾಗ ಹೆಚ್ಚಾಗಿ ಹೇಳುವ ಮಾತು ‘ಅದೇವುಶ್’. ಅದರ ಮೂಲಾರ್ಥ ‘ದೇವರಿಗೆ’ ಎಂದು. ಅದರಲ್ಲಿ ಗಡಿಯಾರವಿಲ್ಲ, ಒಪ್ಪಿಸಿಕೊಡುವುದಷ್ಟೇ ಇದೆ.

ಅಂಗಡಿಯವರು ಸ್ವಲ್ಪ ಹೊರಗೆ ಹೋದರೆ ಬಾಗಿಲಿಗೆ ‘ವೋಲ್ತು ಝಾ’ ಎಂಬ ಚೀಟಿ ತೂಗುಹಾಕುತ್ತಾರೆ. ‘ಈಗಲೇ ಬರುತ್ತೇನೆ’ ಎಂದರ್ಥ. ಮೂರು ಗಂಟೆಗೆ ಬರುವುದಾದರೆ ‘ವೋಲ್ತು ಆಶ್ ತ್ರೇಶ್’. ನಾವು ‘ನಾಳೆ ಬರ್ತೀನಿ’ ಎನ್ನುವಂತೆ ಅವರೂ ಮುಂದಿನ ಬರವಿಗೆ ವರ್ತಮಾನದ ಕ್ರಿಯಾಪದವನ್ನೇ ಬಳಸುತ್ತಾರೆ. ಹೊರಡುವಾಗ ‘ಹೋಗ್ತೇವೆ’ ಎನ್ನದೆ ‘ಹೋಗಿ ಬರ್ತೇವೆ’ ಎನ್ನುವವರು ನಾವು. ಗೋವೆಯ ಕೊಂಕಣಿಗರೂ ಹೊರಡುವಾಗ ‘ಯೆತಾಂ’, ಅಂದರೆ ‘ಬರುತ್ತೇನೆ’ ಎಂದೇ ಹೇಳುತ್ತಾರೆ. ಹಾಗಾಗಿ ಆ ಪರಭಾಷೆ ನಮಗೆ ತೀರ ಪರಕೀಯವೆನಿಸಲಿಲ್ಲ.

ಅಲ್ಫಾಮಾದಿಂದ ಪಶ್ಚಿಮಕ್ಕೆ, ತೇಜು ನದಿಯ ದಂಡೆಯಲ್ಲೇ ಸಾಗಿದರೆ ಬೆಲೇಂ ಸಿಗುತ್ತದೆ. 1497ರ ಜುಲೈ 8ರಂದು ವಾಸ್ಕೋ ಡ ಗಾಮಾನ ಹಡಗುಗಳು ಹೊರಟದ್ದು ಇಲ್ಲಿಂದಲೇ. ದಡದಲ್ಲಿ ನಿಂತ ತಾಯಂದಿರಿಗೆ, ಮಡದಿಯರಿಗೆ ‘ಇಂಥ ದಿನ ಬರುತ್ತೇವೆ’ ಎಂದು ಹೇಳುವುದು ಯಾರಿಗೂ ಸಾಧ್ಯವಿರಲಿಲ್ಲ. ಗಾಮಾ ಮರಳಿದ್ದು 1499ರಲ್ಲಿ. ಹೊರಟವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಮರಳಲೇ ಇಲ್ಲ. ಅವನ ಅಣ್ಣ ಪಾವ್ಲೊ ಕೂಡ ಹಿಂತಿರುಗುವ ದಾರಿಯಲ್ಲೇ ತೀರಿಕೊಂಡ. ಮೂರನೆಯ ಸಲ ಭಾರತಕ್ಕೆ ಬಂದ ಗಾಮಾ 1524ರಲ್ಲಿ ನಮ್ಮ ಕೊಚ್ಚಿಯಲ್ಲಿ ಸತ್ತ. ಅವನ ಅಸ್ಥಿ ತಾಯ್ನಾಡು ಸೇರಿದ್ದು 1539ರಲ್ಲಿ. ಇಂದು ಬೆಲೇಂನ ಜೆರೋನಿಮುಶ್ ಮಠದ ದೇವಾಲಯದಲ್ಲಿ ಅವನ ಸಮಾಧಿಯಿದೆ. ಅದರ ಮುಂದೆ ನಿಂತಾಗ ನಮಗೆ ನೆನಪಾದದ್ದು ಆ ದೊಡ್ಡ ಹೆಸರಿನವನಲ್ಲ, ದಡದಲ್ಲಿ ಕಾದು ಕಾದು ಮುದುಕಿಯರಾದ ಹೆಸರಿಲ್ಲದ ತಾಯಂದಿರು.

ಗಾಮಾನ ಹೆಸರಿನ ಊರು ಗೋವೆಯಲ್ಲೂ ಇದೆಯಷ್ಟೆ. ಆ ವಾಸ್ಕೋದಲ್ಲಿ ದುಡಿಯುವ ಕನ್ನಡದ ಮನೆಗಳು ಎಷ್ಟೋ. ನಮ್ಮ ಮಕ್ಕಳು ಬೆಂಗಳೂರು, ಮುಂಬಯಿ, ಕೊಲ್ಲಿ ದೇಶಗಳಲ್ಲೂ ಇದ್ದಾರೆ. ಇವರಿಗೆ ಆ ನಾವಿಕರ ಅಸಹಾಯಕತೆಯಿಲ್ಲ, ಜೇಬಿನಲ್ಲೇ ಫೋನಿದೆ. ಆದರೂ ‘ನೋಡೋಣ, ಬರ್ತೀವಿ’ ಎಂಬ ಮಾತೇ ಹೆಚ್ಚು. ಪ್ರಿಯ ಓದುಗರೇ, ಹೊರಡುವಾಗ ದಿನ ಹೇಳಿ ಹೊರಡೋಣ. ತಡವಾದರೆ ಅದನ್ನೂ ತಿಳಿಸೋಣ. ಅನ್ನ ಮುಚ್ಚಿಟ್ಟು ಕಾಯುವ ಅವ್ವನಿಗೆ ಅಷ್ಟು ಸಾಕು. ಆಕೆ ನಿಶ್ಚಿಂತೆಯಿಂದ ದೀಪ ಆರಿಸಿ ಮಲಗುತ್ತಾಳೆ.